ಲೋಂಗ್‌ಜಿ ಗದ್ದೆಗಳಿಗೆ ಒಂದು ದಿನ: ಗುಯ್‌ಲಿನ್‌ನಿಂದ ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರುವವರಿಗೆ

ಮೊದಲೇ ಹೇಳಿಬಿಡುತ್ತೇನೆ. ಕೈಯಲ್ಲಿ ಒಂದೇ ದಿನ ಇದ್ದರೆ ಚೀನಾದ ಲೋಂಗ್‌ಜಿಯಲ್ಲಿ ಒಂದೇ ಊರು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ಗದ್ದೆ ಕಡಿದ ಗುಡ್ಡಗಳಲ್ಲಿ ಅಲ್ಲಿ ಜನ ಹೋಗುವ ದೊಡ್ಡವು ಎರಡು. ಒಂದು ಪಿಂಗ್‌ಆನ್, ಇನ್ನೊಂದು ದಾಜಾಯ್. ಎರಡನ್ನೂ ಒಂದೇ ದಿನ ಮುಗಿಸುತ್ತೇವೆ ಅಂತ ಹೊರಟವರು ಎರಡೂ ಕಡೆ ಪಾರ್ಕಿಂಗ್ ಜಾಗ ನೋಡಿಕೊಂಡು, ಏದುಸಿರು ಬಿಡುತ್ತಾ ವಾಪಸ್ ಬರುತ್ತಾರೆ. ನನಗೆ ಹೇಗೆ ಗೊತ್ತು ಅಂದರೆ, ಮೊದಲ ಸಲ ನಾನೂ ಅದನ್ನೇ ಮಾಡಿದ್ದು.

ಆಗ ಗುವಾಂಗ್‌ಜೌ ಕಡೆ ಕೆಲಸದ ಮೇಲೆ ಹೋಗಿದ್ದೆ, ಮಧ್ಯೆ ಎರಡು ದಿನ ಖಾಲಿ ಸಿಕ್ಕಿತು. ಗುಯ್‌ಲಿನ್‌ನಲ್ಲಿ ಉಳಿದಿದ್ದ ಹೋಟೆಲಿನವರು "ಆರಾಮಾಗಿ ಎದ್ದು ಹನ್ನೊಂದರ ಬಸ್ಸಿಗೆ ಹೋಗಿ, ಸಾಕಷ್ಟು ಟೈಮ್ ಇರುತ್ತೆ" ಅಂದರು. ನಂಬಿದೆ. ತಲುಪುವಾಗ ಒಂದೂವರೆ ದಾಟಿತ್ತು. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಮಂಜು ಇಳಿಯಿತು. ಇನ್ನೊಂದು ಊರೂ ಬೇಕು ಅನ್ನುವ ಆಸೆಗೆ ಬಿದ್ದು ಕೆಳಗೆ ಓಡಿದೆ, ಅಲ್ಲಿ ವಾಪಸ್ ಬಸ್ಸು ತಪ್ಪಿತು. ಕೊನೆಗೆ ಯಾರದೋ ವ್ಯಾನಿನಲ್ಲಿ ಮೂಲಂಗಿ ಚೀಲದ ಪಕ್ಕ ಕೂತು ಗುಯ್‌ಲಿನ್ ಸೇರಿದೆ. ಎರಡನೇ ಸಲ ಹೋದಾಗ ಮಾತ್ರ ಸರಿಯಾಗಿ ನೋಡಿದ್ದು. ಕೆಳಗಿರುವುದೆಲ್ಲ ಆ ಎರಡನೇ ಸಲದ ಲೆಕ್ಕ.

ಎಲ್ಲಿದೆ, ಏನಿದೆ

ದಕ್ಷಿಣ ಚೀನಾದ ಗುವಾಂಗ್‌ಶಿ ಪ್ರಾಂತ್ಯ, ಅದರಲ್ಲಿ ಗುಯ್‌ಲಿನ್ ನಗರ, ಅಲ್ಲಿಂದ ವಾಯವ್ಯಕ್ಕೆ ಲೋಂಗ್‌ಶೆಂಗ್ ಅನ್ನುವ ಗುಡ್ಡಗಾಡು ತಾಲೂಕು. ರಸ್ತೆಯಲ್ಲಿ ಎರಡರಿಂದ ಎರಡೂವರೆ ಗಂಟೆ ದಾರಿ. ಲೋಂಗ್‌ಜಿ ಅಂದರೆ ಡ್ರ್ಯಾಗನ್ನಿನ ಬೆನ್ನೆಲುಬು. ಮೇಲಿಂದ ನೋಡಿದರೆ ಹೆಸರು ಯಾಕೆ ಬಂತು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗದ್ದೆಗಳು ಸುಮಾರು 300 ಮೀಟರ್ ಎತ್ತರದಲ್ಲಿ ಶುರುವಾಗಿ 1,100 ಮೀಟರ್ ತನಕ ಹತ್ತುತ್ತವೆ. ಇಳಿಜಾರು ಹೆಚ್ಚಿನ ಕಡೆ 26ರಿಂದ 35 ಡಿಗ್ರಿ, ಕೆಲವು ಕಡೆ 50ರವರೆಗೂ ಇದೆ. ಅಷ್ಟು ಕಡಿದಾದ ಗುಡ್ಡದಲ್ಲಿ ಭತ್ತ. ಕಡಿಯಲು ಶುರು ಮಾಡಿದ್ದು ಯುವಾನ್ ರಾಜರ ಕಾಲದಲ್ಲಿ, ಅಂದರೆ 1271–1368ರ ನಡುವೆ ಎಲ್ಲೋ. ಮುಗಿದಿದ್ದು ಚಿಂಗ್ ರಾಜರ ಕಾಲದ ಶುರುವಿನಲ್ಲಿ. ಮೂರು ನೂರು ವರ್ಷಕ್ಕೂ ಜಾಸ್ತಿ ಕಾಲ ಅಪ್ಪ ಮಕ್ಕಳು ಮೊಮ್ಮಕ್ಕಳು ಒಂದೇ ಗುಡ್ಡ ಅಗೆದಿದ್ದಾರೆ ಅಂತಾಯಿತು.

ಅಗೆದವರು ಜುವಾಂಗ್ ಮತ್ತು ಯಾವ್ ಜನ. ಪಿಂಗ್‌ಆನ್ ಜುವಾಂಗ್ ಊರು. ದಾಜಾಯ್ ಕೆಂಪು ಯಾವ್ ಜನರ ಊರು, ಹೆಂಗಸರು ತೊಡುವ ಕೆಂಪು ಬಟ್ಟೆಯಿಂದ ಆ ಹೆಸರು. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ದಕ್ಷಿಣ ಚೀನಾದ ಗುಡ್ಡಗದ್ದೆಗಳನ್ನು ಜಾಗತಿಕ ಕೃಷಿ ಪರಂಪರೆಯ ಪಟ್ಟಿಗೆ ಸೇರಿಸಿತು, ಅದರಲ್ಲಿ ಲೋಂಗ್‌ಜಿಯೂ ಇದೆ. ಯುನೆಸ್ಕೋ ಪಟ್ಟಿಯಲ್ಲಿ ಇರುವುದು ಬೇರೆ ಗದ್ದೆ. ಅದು ಯುನ್ನಾನ್ ಪ್ರಾಂತ್ಯದ ಹೊಂಗ್‌ಹೆಯಲ್ಲಿರುವ ಹಾನಿ ಜನರದ್ದು, 2013ರಲ್ಲಿ ಸೇರಿತು. ಚೆನ್ನಾಗಿದೆ, ಆದರೆ ಆ ಪ್ರಾಂತ್ಯದ ರಾಜಧಾನಿ ಕುನ್‌ಮಿಂಗ್‌ನಿಂದ ಅಲ್ಲಿಗೆ ಒಂದೇ ದಿನದಲ್ಲಿ ಹೋಗಿಬರುವ ಸಾಹಸ ಬೇಡ. ಒಂದು ದಿನಕ್ಕೆ ಲೋಂಗ್‌ಜಿಯೇ ಸರಿ.

ಯಾವಾಗ ಹೋಗಬೇಕು

ಫೋಟೋ ನೋಡಿ ತಿಂಗಳು ಆರಿಸಬೇಡಿ, ಗದ್ದೆಯ ಕೆಲಸ ನೋಡಿ ಆರಿಸಿ. ಅಷ್ಟು ಎತ್ತರದಲ್ಲಿ ವರ್ಷಕ್ಕೆ ಒಂದೇ ಬೆಳೆ. ಮೇ ತಿಂಗಳಲ್ಲಿ ನೀರು ಕಟ್ಟುತ್ತಾರೆ, ಜೂನ್ ಮೊದಲ ಎರಡು ವಾರ ನಾಟಿ. ಗುಡ್ಡ ಪೂರ್ತಿ ಕನ್ನಡಿ ಚೂರು ಅಂಟಿಸಿದ ಹಾಗೆ ಕಾಣುವ ಫೋಟೋಗಳೆಲ್ಲ ಈ ಕೆಲವು ವಾರದವು. ಜುಲೈ, ಆಗಸ್ಟ್ ಹಸಿರು. ಸೆಪ್ಟೆಂಬರ್ ಕೊನೆಗೆ ಬಣ್ಣ ತಿರುಗಿ ಅಕ್ಟೋಬರ್ ನಡುವಿನ ತನಕ ಚಿನ್ನ. ಆಮೇಲೆ ಕೊಯ್ಲು, ಉಳಿಯುವುದು ಕೂಳೆ. ಚಳಿಗಾಲದಲ್ಲಿ ಅಪರೂಪಕ್ಕೆ ಹಿಮ ಬೀಳುತ್ತದೆ. ಬಿದ್ದ ದಿನ ನೀವು ಅಲ್ಲಿದ್ದರೆ ಅದೃಷ್ಟ, ಅದನ್ನೇ ನಂಬಿ ಟಿಕೆಟ್ ಮಾಡಿಸುವುದು ಬೇಡ.

ನಮ್ಮವರು ಜಾಸ್ತಿ ಜನ ಆ ಕಡೆ ಹೋಗುವುದು ಕ್ಯಾಂಟನ್ ಫೇರ್‌ಗೆ, ಅಂದರೆ ಗುವಾಂಗ್‌ಜೌನ ದೊಡ್ಡ ವ್ಯಾಪಾರ ಮೇಳಕ್ಕೆ, ಅಲ್ವಾ. ವಸಂತದ ಮೇಳ ಏಪ್ರಿಲ್ 15ಕ್ಕೆ ಶುರು. ಆಗ ಗದ್ದೆ ಇನ್ನೂ ಒಣ ಮಣ್ಣು, ಸುಮ್ನೆ ಹೋಗಬೇಡಿ. ಶರತ್ಕಾಲದ್ದು ಅಕ್ಟೋಬರ್ 15ಕ್ಕೆ ಶುರು. ಮೇಳಕ್ಕೆ ಮುಂಚೆ ಎರಡು ದಿನ ಬಂದು ಲೋಂಗ್‌ಜಿ ಮುಗಿಸಿಕೊಂಡರೆ ಚಿನ್ನದ ಬಣ್ಣ ಸಿಗುತ್ತದೆ, ಮೇಳ ಮುಗಿಸಿ ಹೋದರೆ ಕೂಳೆ ಸಿಗುತ್ತದೆ. ಇನ್ನೊಂದು ಎಚ್ಚರಿಕೆ. ಅಕ್ಟೋಬರ್ 1ರಿಂದ 7 ಚೀನಾದ ರಾಷ್ಟ್ರೀಯ ರಜೆ. ಆ ವಾರ ಇಡೀ ದೇಶವೇ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೊರಟಿರುತ್ತದೆ, ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ಸಿಗುವಷ್ಟು ಜಾಗವೂ ಆ ಮೆಟ್ಟಿಲ ಮೇಲೆ ಸಿಗುವುದಿಲ್ಲ. 8ರ ನಂತರ ಹೋಗಿ.

ಹೊರಡುವ ಮುಂಚೆ ಮಾಡಬೇಕಾದ್ದು

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕೇ ಬೇಕು. "ಟ್ರಾನ್ಸಿಟ್‌ನಲ್ಲಿ ವೀಸಾ ಇಲ್ಲದೆ ಹತ್ತು ದಿನ ಇರಬಹುದಂತೆ" ಅಂತ ಯಾರಾದರೂ ಹೇಳಿದರೆ, ಅದು ಬೇರೆ ದೇಶದವರಿಗೆ. ನೇರ ವಿಮಾನ ಹಲವು ವರ್ಷ ನಿಂತಿತ್ತು, 2025ರ ಅಕ್ಟೋಬರ್ ಕೊನೆಗೆ ಕೋಲ್ಕತ್ತಾ–ಗುವಾಂಗ್‌ಜೌ ಮತ್ತೆ ಶುರುವಾಯಿತು, ಆಮೇಲೆ ದೆಹಲಿಯಿಂದಲೂ. ಗುವಾಂಗ್‌ಜೌನಿಂದ ಗುಯ್‌ಲಿನ್‌ಗೆ ಬುಲೆಟ್ ರೈಲಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಟಿಕೆಟ್ ಪಾಸ್‌ಪೋರ್ಟ್ ನಂಬರಿನ ಮೇಲೆ ಆಗುತ್ತದೆ. ಗೇಟಿನಲ್ಲಿ ತೋರಿಸಬೇಕಾದ್ದೂ ಪಾಸ್‌ಪೋರ್ಟೇ, ಕಾಗದದ ಟಿಕೆಟ್ ಇಲ್ಲ. ಬುಕ್ ಮಾಡುವಾಗ ನಿಲ್ದಾಣದ ಹೆಸರು ನೋಡಿಕೊಳ್ಳಿ. ಸುಮ್ಮನೆ ಗುಯ್‌ಲಿನ್ ಅಂತಿರುವುದು ಊರ ನಡುವೆ ಇದೆ, ಗುಯ್‌ಲಿನ್ ಬೇ ಅಂದರೆ ಉತ್ತರ, ಅದೂ ಪರವಾಗಿಲ್ಲ. ಗುಯ್‌ಲಿನ್ ಶಿ ಅಂದರೆ ಪಶ್ಚಿಮ. ಅದು ಊರಿನಿಂದ ದೂರ, ಬೇಡ.

ಫೋನಿನ ವಿಷಯ. ವಾಟ್ಸಾಪ್, ಗೂಗಲ್, ಅದರ ಮ್ಯಾಪು ಯಾವುದೂ ಅಲ್ಲಿಯ ವೈಫೈನಲ್ಲಿ ನಡೆಯುವುದಿಲ್ಲ. ಊರಿನಿಂದಲೇ ರೋಮಿಂಗ್ ಹಾಕಿಸಿಕೊಂಡು ಹೋದರೆ ನಡೆಯುತ್ತದೆ. ದುಡ್ಡಿಗೆ ಅಲಿಪೇ ಅನ್ನುವ ಅಲ್ಲಿಯ ಪಾವತಿ ಆ್ಯಪ್ ಇಳಿಸಿಕೊಂಡು, ಬೆಂಗಳೂರಿನಲ್ಲಿ ಇರುವಾಗಲೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಹೆಸರಿರುವ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸಿ. ಅಲ್ಲಿಗೆ ಹೋದ ಮೇಲೆ ಓಟಿಪಿ ಬರಲಿಲ್ಲ ಅಂತ ಒದ್ದಾಡಬೇಡಿ. ಒಂದು ಸಲಕ್ಕೆ 200 ಯುವಾನ್ ಒಳಗಿನ ಪಾವತಿಗೆ ಅವರು ಶುಲ್ಕ ಹಾಕುವುದಿಲ್ಲ, ದಾಟಿದರೆ ನೂರಕ್ಕೆ 3. ಒಂದು ಯುವಾನ್ ಅಂದರೆ ಸುಮಾರು 12–13 ರೂಪಾಯಿ ಅಂತ ತಲೆಯಲ್ಲಿ ಇಟ್ಟುಕೊಳ್ಳಿ. ಗುಡ್ಡದ ಮೇಲೆ ಸೌತೆಕಾಯಿ ಮಾರುವ ಅಜ್ಜಿಯ ಹತ್ತಿರವೂ ಸ್ಕ್ಯಾನ್ ಮಾಡುವ ಕೋಡ್ ಇರುತ್ತದೆ, ಈ ವಿಷಯದಲ್ಲಿ ಅವರು ನಮ್ಮ ಹಾಗೆಯೇ. ಆದರೂ ಒಂದಿನ್ನೂರು ಯುವಾನ್ ನೋಟು ಜೇಬಿನಲ್ಲಿರಲಿ, ಕಣಿವೆಯಲ್ಲಿ ಸಿಗ್ನಲ್ ಆಗಾಗ ಕೈಕೊಡುತ್ತದೆ.

ಇನ್ನೊಂದು ಚಿಕ್ಕ ವಿಷಯ, ಆದರೆ ಇದರಲ್ಲಿ ತುಂಬ ಜನ ಎಡವುತ್ತಾರೆ. ಮ್ಯಾಪಿನಲ್ಲಿ ದಾಜಾಯ್ ಅಂತ ಹುಡುಕಿದರೆ ಉತ್ತರದ ಶಾನ್‌ಶಿ ಪ್ರಾಂತ್ಯದ ದಾಜಾಯ್ ಬರಬಹುದು. ಅದೂ ಮೆಟ್ಟಿಲುಗದ್ದೆಯ ಊರೇ, 1960ರ ದಶಕದಲ್ಲಿ ಮಾವೋ "ಬೇಸಾಯವನ್ನು ದಾಜಾಯ್‌ನಿಂದ ಕಲಿಯಿರಿ" ಅಂತ ಇಡೀ ದೇಶಕ್ಕೆ ತೋರಿಸಿದ ಊರು. ನಿಮಗೆ ಬೇಕಾದ್ದು ಅದಲ್ಲ. ಲೋಂಗ್‌ಶೆಂಗ್ ಅನ್ನುವ ಹೆಸರು ಜೊತೆಗಿರಲೇಬೇಕು. ಹೋಟೆಲಿನವರ ಕೈಯಲ್ಲಿ ಊರಿನ ಹೆಸರನ್ನು ಚೀನಿ ಅಕ್ಷರದಲ್ಲಿ ಟೈಪ್ ಮಾಡಿಸಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ನಾವು ಎಷ್ಟು ಚೆನ್ನಾಗಿ ಉಚ್ಚರಿಸಿದ್ದೇವೆ ಅಂದುಕೊಂಡರೂ ಅವರಿಗೆ ಅರ್ಥ ಆಗುವುದಿಲ್ಲ, ಚಿತ್ರ ತೋರಿಸಿದರೆ ಕೆಲಸ ಮುಗಿಯಿತು.

ಪಿಂಗ್‌ಆನ್ ಬೇಕಾ, ದಾಜಾಯ್ ಬೇಕಾ

ಪಿಂಗ್‌ಆನ್ ಹತ್ತಿರ, ಚಿಕ್ಕದು. ಬಸ್ಸು ಇಳಿದು ಇಪ್ಪತ್ತು ಮೂವತ್ತು ನಿಮಿಷ ಕಲ್ಲಿನ ಮೆಟ್ಟಿಲು ಹತ್ತಿದರೆ ಊರು. ಅಲ್ಲಿಂದ ಎರಡು ನೋಟದ ಜಾಗಗಳು, "ಒಂಬತ್ತು ಡ್ರ್ಯಾಗನ್ ಐದು ಹುಲಿ" ಒಂದು, "ಚಂದ್ರನ ಜೊತೆ ಏಳು ನಕ್ಷತ್ರ" ಇನ್ನೊಂದು. ಎರಡನೆಯದರಲ್ಲಿ ಏಳು ಸಣ್ಣ ದಿಬ್ಬಗಳು, ಅವುಗಳ ತುದಿಯ ಗದ್ದೆಗಳೇ ಏಳು ನಕ್ಷತ್ರ, ಪಕ್ಕದಲ್ಲಿ ಚಂದ್ರನಿಗೂ ಒಂದು ಗದ್ದೆ. ಎರಡರ ನಡುವೆ ಆರಾಮಾಗಿ ಒಂದು ಸುತ್ತು ಹಾಕಬಹುದು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ಇಲ್ಲಿ ಇಬ್ಬರು ಹೊರುವ ಬಿದಿರಿನ ಪಲ್ಲಕ್ಕಿ ಸಿಗುತ್ತದೆ. ಹತ್ತುವ ಮುಂಚೆಯೇ ರೇಟು ಮಾತಾಡಿ, ಹೋಗುವುದಕ್ಕೋ ಹೋಗಿಬರುವುದಕ್ಕೋ ಅಂತ ಸ್ಪಷ್ಟವಾಗಿ ಕೇಳಿ.

ದಾಜಾಯ್ ಒಳಗಡೆ ಇದೆ, ದೊಡ್ಡದು, ಗದ್ದೆ ಇನ್ನೂ ಎತ್ತರ. ಈ ಜಾಗವನ್ನು ಜಿನ್‌ಕೆಂಗ್ ಅಂತಲೂ ಕರೆಯುತ್ತಾರೆ. 2022ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಕೊಡುವ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಯಲ್ಲಿ ಈ ಹೆಸರಿತ್ತು. ಮೂರು ನೋಟದ ಜಾಗಗಳಿವೆ, ಅದರಲ್ಲಿ ಮೂರನೆಯದಾದ ಜಿನ್‌ಫೋದಿಂಗ್‌ಗೆ, ಅಂದರೆ ಚಿನ್ನದ ಬುದ್ಧನ ಶಿಖರಕ್ಕೆ, ಕೇಬಲ್ ಕಾರ್ ಹೋಗುತ್ತದೆ. ಒಂದು ದಿನಕ್ಕೆ ನಾನು ಹೇಳುವುದು ದಾಜಾಯ್. ಕೇಬಲ್ ಕಾರ್ ಇರುವುದರಿಂದ ಹತ್ತುವ ಸುಸ್ತು ಉಳಿಯುತ್ತದೆ, ಆ ಶಕ್ತಿಯನ್ನು ಇಳಿಯುವಾಗ ಗದ್ದೆಗಳ ನಡುವೆ ನಡೆಯಲು ಇಟ್ಟುಕೊಳ್ಳಬಹುದು. ಎರಡೂ ಊರನ್ನು ಜೋಡಿಸುವ ಕಾಲುದಾರಿ ಇದೆ, ಜೊಂಗ್‌ಲಿಯು ಅನ್ನುವ ಹಳ್ಳಿಯ ಮೇಲೆ ಹೋಗುತ್ತದೆ. ಆದರೆ ಅದೇ ನಾಲ್ಕು ಐದು ಗಂಟೆ ತಿನ್ನುತ್ತದೆ. ರಾತ್ರಿ ಉಳಿಯುವವರಿಗೆ ಮಾತ್ರ.

ಯಾಂಗ್‌ಶುವೊದಲ್ಲಿ ಉಳಿದುಕೊಂಡು ಅಲ್ಲಿಂದ ಹೋಗಿಬರುತ್ತೇವೆ ಅನ್ನುವವರು ಒಂದು ಸಲ ಯೋಚಿಸಿ. ಅದು ಗುಯ್‌ಲಿನ್‌ಗಿಂತ ಇನ್ನೂ ದಕ್ಷಿಣಕ್ಕಿದೆ, ಲೋಂಗ್‌ಜಿ ಇರುವುದು ಉತ್ತರಕ್ಕೆ. ದಿನ ಪೂರ್ತಿ ಬಸ್ಸಿನಲ್ಲೇ ಕಳೆಯುತ್ತದೆ. ಹಿಂದಿನ ರಾತ್ರಿ ಗುಯ್‌ಲಿನ್‌ನಲ್ಲೇ ಉಳಿಯಿರಿ.

ಬೆಳಗ್ಗೆ

ಆರೂವರೆಗೆ ಎದ್ದು, ಬೀದಿ ಬದಿಯ ಅಂಗಡಿಯಲ್ಲಿ ಗುಯ್‌ಲಿನ್ ಮಿಫೆನ್ ತಿನ್ನಿ. ಅಕ್ಕಿ ಶಾವಿಗೆ, ಮೇಲೆ ಹುರಿದ ಕಡಲೆಕಾಯಿ, ಹುಳಿ ಹಾಕಿದ ಹುರುಳಿಕಾಯಿ. ನಮ್ಮ ಒತ್ತು ಶಾವಿಗೆಯ ದೂರದ ನೆಂಟ ಅನ್ನಬಹುದು. ಮಾಂಸ ಬೇಡದವರು ಮೊದಲೇ ಹೇಳಬೇಕು. ಹೇಳಿದರೂ ರಸ ಮಾಂಸದ್ದೇ ಇರುತ್ತದೆ, ಪೂರ್ತಿ ಸಸ್ಯಾಹಾರಿಗಳು ಹಣ್ಣು, ಹಬೆಯಲ್ಲಿ ಬೇಯಿಸಿದ ಸಾದಾ ಬನ್ ತಿಂದು ಹೊರಡುವುದು ವಾಸಿ.

ದಾಜಾಯ್‌ಗೆ ಗುಯ್‌ಲಿನ್‌ನಿಂದ ನೇರ ಪ್ರವಾಸಿ ಬಸ್ಸುಗಳಿವೆ, ಒಂದು ಕಡೆಗೆ 50 ಯುವಾನ್ ಆಸುಪಾಸು. ಬೆಳಗ್ಗೆ ಎಂಟರ ಒಳಗೆ ಹೊರಡುವ ಬಸ್ಸು ಹಿಡಿಯಿರಿ. ಎಲ್ಲಿಂದ, ಎಷ್ಟು ಗಂಟೆಗೆ ಅನ್ನುವುದು ಸೀಸನ್ನಿಗೆ ತಕ್ಕ ಹಾಗೆ ಬದಲಾಗುತ್ತದೆ, ಹಿಂದಿನ ಸಂಜೆಯೇ ಬುಕ್ ಮಾಡಿಸಿ. ಹೋಗುವ ಟಿಕೆಟ್ ತೆಗೆಯುವಾಗಲೇ ವಾಪಸ್ ಸೀಟೂ ತೆಗೆದುಬಿಡಿ. ನಾನು ಮೂಲಂಗಿ ಚೀಲದ ಪಕ್ಕ ಕೂತಿದ್ದು ಇದನ್ನು ಮಾಡದೆ. ನಾಲ್ಕು ಜನ ಇದ್ದರೆ ಇಡೀ ದಿನಕ್ಕೆ ಕಾರು ಮಾತಾಡುವುದು ಇನ್ನೂ ಆರಾಮ, ತಲೆಗೆ ಲೆಕ್ಕ ಹಾಕಿದರೆ ಬಸ್ಸಿಗಿಂತ ಬಹಳ ದುಬಾರಿ ಏನೂ ಆಗುವುದಿಲ್ಲ. ಡ್ರೈವರ್ "ದಾರಿಯಲ್ಲಿ ಚಹಾ ಫ್ಯಾಕ್ಟರಿ ಇದೆ, ಜೇಡ್ ಕಲ್ಲಿನ ಅಂಗಡಿ ಇದೆ" ಅಂತ ಶುರು ಮಾಡಿದರೆ "ಬು ಯಾವ್" ಅನ್ನಿ. ಬೇಡ ಅಂತ ಅರ್ಥ. ಚೀನಾದಲ್ಲಿ ಒಂದೇ ಮಾತು ಕಲಿಯುವುದಾದರೆ ಇದನ್ನೇ ಕಲಿಯಿರಿ.

ಬ್ಯಾಗಿನಲ್ಲಿ ಏನಿರಬೇಕು? ಪಾಸ್‌ಪೋರ್ಟ್ ಅಸಲು, ನೀರು, ಟಿಶ್ಯೂ ಪೇಪರ್ (ಶೌಚಾಲಯದಲ್ಲಿ ಇಟ್ಟಿರುವುದಿಲ್ಲ), ಛತ್ರಿಯ ಬದಲು ರೇನ್‌ಕೋಟು, ತೆಳ್ಳಗಿನ ಸ್ವೆಟರ್. ಚಪ್ಪಲಿ ಬೇಡವೇ ಬೇಡ. ಮಳೆ ಬಿದ್ದ ಮೇಲೆ ಆ ಕಲ್ಲಿನ ಮೆಟ್ಟಿಲು ನಮ್ಮ ಮಲೆನಾಡಿನ ಪಾಚಿ ಅಂಗಳದಷ್ಟೇ ಜಾರುತ್ತದೆ. ದೊಡ್ಡ ಸೂಟ್‌ಕೇಸ್ ತರಬೇಡಿ. ತಂದಿದ್ದರೆ ಊರ ಬಾಗಿಲಲ್ಲಿ ಬೆನ್ನಿಗೆ ಬಿದಿರು ಬುಟ್ಟಿ ಕಟ್ಟಿಕೊಂಡ ಹೆಂಗಸರು ನಿಂತಿರುತ್ತಾರೆ, ದುಡ್ಡಿಗೆ ಹೊತ್ತು ಕೊಡುತ್ತಾರೆ. ಅರುವತ್ತು ದಾಟಿದ ಅಜ್ಜಿ ನನ್ನ ಮುಂದೆ ಎರಡು ಸೂಟ್‌ಕೇಸ್ ಬುಟ್ಟಿಗೆ ಹಾಕಿಕೊಂಡು ಹತ್ತಿದರು, ನಾನು ಬರೀ ನೀರಿನ ಬಾಟಲಿ ಹಿಡಿದು ಹಿಂದೆ ಬಿದ್ದೆ. ಆ ನಾಚಿಕೆ ಈಗಲೂ ಇದೆ.

ಪ್ರವೇಶ ಟಿಕೆಟ್ ನಾನು ಹೋದಾಗ 80 ಯುವಾನ್. ಒಂದೇ ಟಿಕೆಟ್ಟಿಗೆ ಪಿಂಗ್‌ಆನ್, ದಾಜಾಯ್ ಎರಡೂ ಸೇರಿದೆ. ಅದನ್ನು ನೋಡಿಯೇ ಎಲ್ಲರಿಗೂ ಎರಡೂ ನೋಡುವ ಆಸೆ ಹುಟ್ಟುವುದು. ಹುಟ್ಟಲಿ, ಬಿಟ್ಟುಬಿಡಿ. ಕೇಬಲ್ ಕಾರ್ ದುಡ್ಡು ಬೇರೆ.

ದಾರಿಯಲ್ಲಿ ಹುವಾಂಗ್‌ಲುವೊ ಸಿಗುತ್ತದೆ, ಉದ್ದ ಕೂದಲಿನ ಹೆಂಗಸರ ಊರು ಅಂತ ಹೆಸರು ಮಾಡಿದ ಕೆಂಪು ಯಾವ್ ಹಳ್ಳಿ. ಇಲ್ಲಿ ಹೆಂಗಸರು ಹದಿನೆಂಟು ತುಂಬಿದಾಗ ಒಂದೇ ಒಂದು ಸಲ ಕೂದಲು ಕತ್ತರಿಸುವುದು. ಕತ್ತರಿಸಿದ ಆ ಕೂದಲನ್ನೂ ಇಟ್ಟುಕೊಂಡು ಮುಡಿಗೆ ಸೇರಿಸಿ ಸುತ್ತುತ್ತಾರೆ. ತಲೆ ತೊಳೆಯುವುದು ಹುಳಿ ಬರಿಸಿದ ಅಕ್ಕಚ್ಚಿನಿಂದ. ಹೌದು, ನಮ್ಮಲ್ಲಿ ಎಮ್ಮೆಗೆ ಹಾಕುವ ಅದೇ ಅಕ್ಕಿ ತೊಳೆದ ನೀರು. ಮುಂದೆ ಹಣೆಯ ಮೇಲೆ ಗಂಟು ಇದ್ದರೆ ಮದುವೆಯಾಗಿ ಮಕ್ಕಳಾಗಿವೆ ಅಂತ, ಗಂಟಿಲ್ಲದೆ ಸುತ್ತಿದ್ದರೆ ಇನ್ನೂ ಮಕ್ಕಳಾಗಿಲ್ಲ ಅಂತ, ಪೂರ್ತಿ ಬಟ್ಟೆ ಮುಚ್ಚಿದ್ದರೆ ಮದುವೆಯಾಗಿಲ್ಲ ಅಂತ. ಇಲ್ಲಿ ಟಿಕೆಟ್ ಇಟ್ಟು ಕೂದಲು ಬಿಚ್ಚಿ ತೋರಿಸುವ ಪ್ರದರ್ಶನ ಇದೆ. ಒಂದು ದಿನದವರು ಇದಕ್ಕೆ ಇಳಿಯಬೇಡಿ. ಗದ್ದೆ ದಾರಿಯಲ್ಲಿ ಅದೇ ಹೆಂಗಸರು ಗೊಬ್ಬರ ಹೊತ್ತುಕೊಂಡು ಎದುರು ಬರುತ್ತಾರೆ, ಅದೇ ಚೆಂದ. ಫೋಟೋ ತೆಗೆಯುವ ಮುಂಚೆ ಕೇಳಿ. ಕೆಲವರು ದುಡ್ಡು ಕೇಳುತ್ತಾರೆ, ಕೊಡಲು ಇಷ್ಟವಿಲ್ಲದಿದ್ದರೆ ಕ್ಯಾಮೆರಾ ಇಳಿಸಿ ನಕ್ಕು ಮುಂದೆ ಹೋಗಿ, ಅಷ್ಟೇ.

ಮೇಲೆ ಹೋಗಿ, ನಡೆದು ಇಳಿಯಿರಿ

ಹತ್ತೂವರೆ ಹೊತ್ತಿಗೆ ದಾಜಾಯ್ ಬಾಗಿಲಲ್ಲಿ ಇರುತ್ತೀರಿ. ನೇರವಾಗಿ ಕೇಬಲ್ ಕಾರಿಗೆ ಹೋಗಿ, ಮೇಲೆ ಹೋಗುವುದಕ್ಕೆ ಮಾತ್ರ ಟಿಕೆಟ್ ತೆಗೆದುಕೊಳ್ಳಿ. ಹೋಗಿಬರುವ ಟಿಕೆಟ್ ಅಗ್ಗ ಅಂತ ಕೌಂಟರಿನಲ್ಲಿ ಹೇಳುತ್ತಾರೆ, ಅದು ಸರಿಯೇ. ಆದರೆ ಗಾಜಿನ ಪೆಟ್ಟಿಗೆಯೊಳಗೆ ಕೂತೇ ಕೆಳಗೆ ಬಂದರೆ ಗದ್ದೆ ಅನ್ನುವುದು ಗೋಡೆಗೆ ಹಾಕಿದ ಕ್ಯಾಲೆಂಡರ್ ಆಗಿಬಿಡುತ್ತದೆ.

ಇಪ್ಪತ್ತು ನಿಮಿಷದಲ್ಲಿ ಮೇಲೆ. ಮಂಜು ಇದ್ದರೆ ಬೇಸರ ಪಡಬೇಡಿ, ಕಾಯಿರಿ. ಅಲ್ಲಿಯ ಮಂಜು ಆಗುಂಬೆಯ ಮಂಜಿನ ಹಾಗೆ, ಹತ್ತು ನಿಮಿಷ ಏನೂ ಕಾಣದೆ ಆಮೇಲೆ ಯಾರೋ ಕಂಬಳಿ ಎಳೆದ ಹಾಗೆ ಒಂದು ಕಡೆಯಿಂದ ಬಿಚ್ಚುತ್ತದೆ. ಅರ್ಧ ಗಂಟೆ ಕೊಡಿ. ನಿಂತ ಜಾಗದಿಂದ ಮೊದಲು ತುದಿಯ ಕಾಡು ನೋಡಿ, ಆಮೇಲೆ ಗದ್ದೆ. ಗುಟ್ಟು ಇರುವುದು ಆ ಕಾಡಿನಲ್ಲಿ. ಗುಡ್ಡದ ನೆತ್ತಿಯ ಮರ ಕಡಿಯುವುದಿಲ್ಲ, ಅದು ಮಳೆ ನೀರನ್ನು ಹಿಡಿದಿಟ್ಟುಕೊಂಡು ವರ್ಷ ಪೂರ್ತಿ ಬಿಡುತ್ತದೆ. ಕಾಡಿನ ಕೆಳಗೆ ಮನೆಗಳು, ಮನೆಗಳ ಸುತ್ತ ಮತ್ತು ಕೆಳಗೆ ಗದ್ದೆ. ಅಬ್ಬಿಯಿಂದ ಕಾಲುವೆ, ಕಾಲುವೆ ತಲುಪದ ಕಡೆ ಸೀಳಿದ ಬಿದಿರಿನ ದಬ್ಬೆ. ಮಲೆನಾಡಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸುವುದೇ ಬೇಡ, ನಮ್ಮ ಹಿತ್ತಲಿಗೆ ಅಬ್ಬಿ ನೀರು ಬರುತ್ತಿದ್ದುದೂ ಅಡಿಕೆ ದಬ್ಬೆಯಲ್ಲೇ ಅಲ್ವಾ.

ಇಳಿಯುವಾಗ ಕಲ್ಲು ಹಾಸಿದ ದಾರಿ ಬಿಡಬೇಡಿ. ಅಂಚಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ಆ ಅಂಚು ಮೆತ್ತಗಿನ ಮಣ್ಣು. ಒಂದು ಕಡೆ ಕುಸಿದರೆ ಆ ಗದ್ದೆಯ ನೀರು ಕೆಳಗಿನದಕ್ಕೆ ನುಗ್ಗಿ, ಅದರದ್ದೂ ಒಡೆದು, ಹಾಗೇ ಸಾಲಾಗಿ ಹೋಗುತ್ತದೆ. ನಾನು ಇಳಿಯುವಾಗ ಒಬ್ಬ ಮುದುಕ ಮೊಣಕಾಲ ತನಕ ಪ್ಯಾಂಟು ಮಡಿಸಿ ಒಂದು ಕಂಡಿಯ ಹತ್ತಿರ ಕೂತಿದ್ದರು. ಕಂಡಿ ಅಂದರೆ ಅಂಚಿನಲ್ಲಿ ಒಂದು ಗೇಣು ಅಗಲದ ಸಂದು, ಮೇಲಿನ ಗದ್ದೆಯಿಂದ ಕೆಳಗಿನದಕ್ಕೆ ನೀರು ಬೀಳುವ ಜಾಗ. ಅದಕ್ಕೆ ಒಂದು ಚಪ್ಪಟೆ ಕಲ್ಲು ಇಟ್ಟು, ಎರಡು ಮುಷ್ಟಿ ಕೆಸರು ಮೆತ್ತಿ, ನೀರು ನೋಡಿದರು. ಜಾಸ್ತಿ ಹೋಗುತ್ತಿದೆ ಅನ್ನಿಸಿತೇನೋ, ಇನ್ನರ್ಧ ಮುಷ್ಟಿ ಮೆತ್ತಿದರು. ಮತ್ತೆ ನೋಡಿ, ಹೆಬ್ಬೆರಳಿನಿಂದ ಒಂದು ಚೂರು ಕೆಸರು ಕೆರೆದು ತೆಗೆದರು. ನೀರು ಬೆರಳಿನಷ್ಟು ದಪ್ಪ ಬೀಳತೊಡಗಿತು. ಎದ್ದು, ಮುಂದಿನ ಕಂಡಿಗೆ ಹೋದರು. ಅಲ್ಲಿಂದ ಕೆಳಗೆ ಅಂಥ ಕಂಡಿ ಎಷ್ಟಿದ್ದವೋ.

ಗದ್ದೆ ಎಷ್ಟು ಚಿಕ್ಕದು ಅನ್ನುವುದು ಹತ್ತಿರ ಹೋದರೇನೇ ಗೊತ್ತಾಗುವುದು. ಕೆಲವಕ್ಕೆ ಎರಡೇ ಸಾಲು ಸಸಿ. "ಕಪ್ಪೆ ಒಂದು ಸಲ ಹಾರಿದರೆ ಮೂರು ಗದ್ದೆ ದಾಟುತ್ತದೆ" ಅಂತ ಅಲ್ಲಿಯವರ ಮಾತು. ಒಂದು ಕಥೆಯೂ ಇದೆ. ಜಮೀನ್ದಾರ ಒಬ್ಬ ರೈತನಿಗೆ 206 ಗದ್ದೆ ಉಳಲು ಹೇಳಿದನಂತೆ. ಸಂಜೆ ಎಣಿಸಿದರೆ 205. ಮತ್ತೆ ಎಣಿಸಿದ, 205. ಬೇಜಾರಾಗಿ ಮನೆಗೆ ಹೊರಡೋಣ ಅಂತ ಬಿಚ್ಚಿಟ್ಟಿದ್ದ ನಾರಿನ ಮಳೆಗೊಪ್ಪೆ ಎತ್ತಿದರೆ, ಕೊನೇ ಗದ್ದೆ ಅದರ ಅಡಿಯಲ್ಲಿತ್ತು. ನಮ್ಮ ಗೊರಬಿನ ಥರದ್ದೇ ಅವರ ಮಳೆಗೊಪ್ಪೆ. ಗೊರಬು ಹಾಕಿ ನಾಟಿ ಮಾಡಿದವರಿಗೆ ಈ ಕಥೆಯ ಅಳತೆ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ಯಂತ್ರ ಇಳಿಸಲು ಜಾಗವಿಲ್ಲದ ಇಂಥ ಗದ್ದೆಯನ್ನು ಇನ್ನೂ ಯಾಕೆ ಮಾಡುತ್ತಾರೆ ಅಂತ ನಿಮಗೂ ಅನ್ನಿಸಬಹುದು. ಹುಡುಗರೆಲ್ಲ ಪಕ್ಕದ ಗುವಾಂಗ್‌ಡಾಂಗ್ ಪ್ರಾಂತ್ಯದ ಫ್ಯಾಕ್ಟರಿಗಳಿಗೆ ಹೋದ ಊರಲ್ಲವೇ ಇದು. ದಾಜಾಯ್‌ನಲ್ಲಿ ಟಿಕೆಟ್ ದುಡ್ಡಿನಲ್ಲಿ ಊರಿಗೆ ಪಾಲಿದೆ, ಅದನ್ನು ಮನೆಗಳಿಗೆ ಹಂಚುವಾಗ ಯಾರು ಎಷ್ಟು ಗದ್ದೆ ನೆಟ್ಟಿದ್ದಾರೆ ಅಂತ ನೋಡುತ್ತಾರೆ. ಬೀಳು ಬಿಟ್ಟರೆ ಪಾಲು ಕಡಿಮೆ. ನಿಮ್ಮ ಟಿಕೆಟ್ಟಿನ ಒಂದು ಚೂರು ಆ ಮುದುಕನ ಕಂಡಿಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ. ನಮ್ಮ ಕಡೆ ಬೀಳು ಬಿದ್ದ ಮಕ್ಕಿ ಗದ್ದೆಗಳನ್ನು ನೆನೆಸಿಕೊಂಡು ನಾನು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ.

ಶಿಖರದಿಂದ ಊರಿಗೆ ಇಳಿಯಲು ಒಂದು ಗಂಟೆ ಸಾಕು, ನೀವು ಎರಡು ಗಂಟೆ ತೆಗೆದುಕೊಳ್ಳಿ.

ಊಟ

ಮಧ್ಯಾಹ್ನ ಒಂದರ ಹೊತ್ತಿಗೆ ಊರೊಳಗೆ ಬಂದಿರುತ್ತೀರಿ. ಮರದ ಕಂಬಗಳ ಮೇಲೆ ನಿಂತ ಮನೆಗಳು, ಕೆಳಗೆ ಹಿಂದೆ ದನ ಹಂದಿ ಇರುತ್ತಿದ್ದ ಜಾಗ, ಮೇಲೆ ವಾಸ. ಹಲವು ಮನೆಗಳು ಈಗ ಹೋಟೆಲುಗಳಾಗಿವೆ. ಬಿದಿರಕ್ಕಿ ತಿನ್ನಲೇಬೇಕು (ನಮ್ಮ ಬಿದಿರಕ್ಕಿ ಅಲ್ಲ, ಬಿದಿರಿನ ಕೊಳವೆಯಲ್ಲಿ ಬೇಯಿಸಿದ ಅನ್ನ). ಅಂಟು ಅಕ್ಕಿ ತುಂಬಿ, ಬಾಯಿ ಮುಚ್ಚಿ, ಕೆಂಡದ ಮೇಲೆ ಹೊರಗೆಲ್ಲ ಕರಿಯಾಗುವ ತನಕ ಸುಡುತ್ತಾರೆ. ತಂದು ಮುಂದೆ ಇಟ್ಟು ಕತ್ತಿಯಲ್ಲಿ ಸೀಳಿದರೆ ಹಸಿ ಬಿದಿರಿನ ವಾಸನೆ ಮೂಗಿಗೆ ಬಡಿಯುತ್ತದೆ, ಅನ್ನದ ಮೇಲೆ ತೆಳ್ಳನೆ ಬಿಳಿ ಪೊರೆ ಅಂಟಿಕೊಂಡಿರುತ್ತದೆ. ಪೊರೆ ಸಮೇತ ತಿನ್ನಬಹುದು. ಒಳಗೆ ಹೆಚ್ಚಾಗಿ ಹಂದಿ ಮಾಂಸದ ಚೂರು ಹಾಕುತ್ತಾರೆ, ಬೇಡದವರು ಬೆಂಕಿಗೆ ಇಡುವ ಮುಂಚೆಯೇ ಹೇಳಬೇಕು.

ಹೇಳುವುದು ಹೀಗೆ. "ವೊ ಛ್ರ ಸು", ಅಂದರೆ ನಾನು ಸಸ್ಯಾಹಾರಿ. "ಬು ಯಾವ್ ರೋ", ಮಾಂಸ ಬೇಡ. ಅಷ್ಟಕ್ಕೇ ನಿಲ್ಲಿಸಬೇಡಿ. ಸೊಪ್ಪು ಹುರಿಯುವುದೂ ಹಂದಿ ಕೊಬ್ಬಿನಲ್ಲೇ ಇರಬಹುದು, ಅದಕ್ಕೆ "ಬು ಯಾವ್ ಜೂ ಯೋ" ಅಂತ ಸೇರಿಸಿ. ಬಾಯಿಯ ಮೇಲೆ ನಂಬಿಕೆ ಇಲ್ಲದಿದ್ದರೆ ಇವನ್ನೂ ಫೋನಿನಲ್ಲಿ ಚೀನಿ ಅಕ್ಷರದಲ್ಲಿ ಇಟ್ಟುಕೊಳ್ಳಿ. ಮೊಟ್ಟೆ ತಿನ್ನುವವರಿಗೆ ಟೊಮ್ಯಾಟೊ ಮೊಟ್ಟೆ ಪಲ್ಯ ಎಲ್ಲ ಕಡೆ ಸಿಗುತ್ತದೆ, ಬಿಳಿ ಅನ್ನದ ಜೊತೆ ಚೆನ್ನಾಗಿರುತ್ತದೆ. ನಾನು ಬೆಂಗಳೂರಿನಿಂದ ಒಂದು ಸಣ್ಣ ಡಬ್ಬಿ ಚಟ್ನಿಪುಡಿ ಒಯ್ದಿದ್ದೆ, ಮನೆಯ ಯಜಮಾನಿ ಬೆರಳಿಗೆ ಹಚ್ಚಿ ನೆಕ್ಕಿ ನೋಡಿ, ಒಳಗಿನಿಂದ ತಮ್ಮ ಒಣಮೆಣಸಿನ ಕಾರ ತಂದು ಪಕ್ಕದಲ್ಲಿ ಇಟ್ಟರು. ಅವರದ್ದೇ ಗೆದ್ದಿತು. ಲೋಂಗ್‌ಜಿಯ ನಾಲ್ಕು ನಿಧಿ ಅಂತ ಅವರು ಎಣಿಸುವುದು ಚಹಾ, ಮೆಣಸಿನಕಾಯಿ, ಅಂಟು ಅಕ್ಕಿ ಮತ್ತು ಅಕ್ಕಿಯ ಹೆಂಡ. ಮನೆಗೆ ಒಯ್ಯಲು ಮೆಣಸಿನಕಾಯಿ, ಚಹಾ ಎರಡೇ ಸಾಕು.

ಎಣ್ಣೆ ಚಹಾ ಸಿಕ್ಕರೆ ಒಂದು ಬಟ್ಟಲು ಕುಡಿದು ನೋಡಿ. ಚಹಾ ಎಲೆಯನ್ನು ಶುಂಠಿ ಜೊತೆ ಎಣ್ಣೆಯಲ್ಲಿ ಹುರಿದು, ಕುಟ್ಟಿ, ಕುದಿಸಿ, ಉಪ್ಪು ಹಾಕುತ್ತಾರೆ. ಮೇಲೆ ಅರಳಿದ ಅಕ್ಕಿ, ಕಡಲೆಕಾಯಿ. ಟೀಗೆ ಮಂಡಕ್ಕಿ ಸುರಿದು ಉಪ್ಪು ಹಾಕಿದ ಹಾಗೆ. ಮೊದಲ ಗುಟುಕಿಗೆ ಮುಖ ಸಿಂಡರಿಸುತ್ತೀರಿ, ಮೂರನೆಯದಕ್ಕೆ ಅಭ್ಯಾಸ ಆಗುತ್ತದೆ.

ಉಳಿದ ಎರಡು ಗಂಟೆ, ಮತ್ತೆ ವಾಪಸ್

ಊಟ ಆದ ಮೇಲೆ ಗಡಿಯಾರ ನೋಡಿ. ಎರಡು ಗಂಟೆಯೊಳಗೆ ಎದ್ದಿದ್ದರೆ, ಕಾಲಲ್ಲಿ ಶಕ್ತಿ ಇದ್ದರೆ, ಎದುರು ಗುಡ್ಡದ ತಿಯೆನ್‌ತೋ ಅನ್ನುವ ಹಳ್ಳಿಯ ಕಡೆ ಹತ್ತಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಏರು. ಪ್ರವಾಸಿಗಳು ಕಡಿಮೆ, ಕೋಳಿ ಜಾಸ್ತಿ. ಅದಕ್ಕೂ ಮೇಲಿನ ಒಂದನೇ ನೋಟದ ಜಾಗಕ್ಕೆ ಹೋಗುವ ಆಸೆ ಬೇಡ, ಅದು ರಾತ್ರಿ ಉಳಿಯುವವರ ಜಾಗ. ಎರಡೂವರೆ ದಾಟಿದ್ದರೆ ತಿಯೆನ್‌ತೋ ಕೂಡ ಬಿಟ್ಟು, ಊರ ನಡುವಿನ ಹಳ್ಳದ ಪಕ್ಕ ಸುತ್ತಾಡಿ.

ಚಾಂದ್ರಮಾನದ ಆರನೇ ತಿಂಗಳ ಆರನೇ ದಿನ, ಹೆಚ್ಚಾಗಿ ಜುಲೈನಲ್ಲಿ ಬರುತ್ತದೆ, ಕೆಂಪು ಯಾವ್ ಜನರ ಬಟ್ಟೆ ಒಣಗಿಸುವ ಹಬ್ಬ. ಪೆಟ್ಟಿಗೆಯಲ್ಲಿಟ್ಟ ಕೆಂಪು ಕಸೂತಿ ಬಟ್ಟೆಗಳನ್ನೆಲ್ಲ ತೆಗೆದು ಮನೆಯ ಮುಂದೆ ಬಿಸಿಲಿಗೆ ಹಾಕುತ್ತಾರೆ, ಮರದ ಮನೆಗಳೆಲ್ಲ ಕೆಂಪಾಗುತ್ತವೆ. ಆ ದಿನ ಹೋಗುವುದಾದರೆ ಜನಜಂಗುಳಿಗೆ ತಯಾರಾಗಿ ಹೋಗಿ, ಬಸ್ಸು ವಾರದ ಮುಂಚೆಯೇ ಹಿಡಿದಿಟ್ಟುಕೊಳ್ಳಿ.

ವಾಪಸ್ ಬಸ್ಸು ನಾಲ್ಕು ಐದರ ನಡುವೆ ಹೊರಡುತ್ತದೆ. ಹೊರಡುವ ಸಮಯಕ್ಕೆ ಅರ್ಧ ಗಂಟೆ ಮೊದಲು ಬಾಗಿಲ ಹತ್ತಿರ ಇರಿ. ತಡವಾದರೆ ಬಸ್ಸು ಕಾಯುವುದಿಲ್ಲ, ಡ್ರೈವರಿಗೆ ಕತ್ತಲಾಗುವ ಮುಂಚೆ ತಿರುವು ದಾಟುವ ಆತುರ. ಬೆಟ್ಟದ ತಿರುವುಗಳು ಚಾರ್ಮಾಡಿ ಘಾಟಿಗಿಂತ ಕಡಿಮೆ ಏನಿಲ್ಲ, ವಾಂತಿ ಬರುವವರು ಮುಂದಿನ ಸೀಟು ಹಿಡಿದು ಮಾತ್ರೆ ನುಂಗಿ ಕೂರಿ. ಅಕಸ್ಮಾತ್ ಬಸ್ಸು ತಪ್ಪಿದರೆ ಗಾಬರಿ ಬೇಡ. ಊರಲ್ಲಿ ರೂಮುಗಳು ಬೇಕಾದಷ್ಟಿವೆ, ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಿದರೆ ಆಯಿತು. ಉಳಿಯಲು ಆಗದವರು ಗುಯ್‌ಲಿನ್ ಕಡೆ ಹೊರಟ ಬೇರೆ ಗುಂಪಿನ ಕಾರಿನಲ್ಲಿ ಒಂದು ಸೀಟು ಕೇಳಿ, ದುಡ್ಡು ಹಂಚಿಕೊಳ್ಳುವುದು ಅಲ್ಲಿ ಮಾಮೂಲು. ಮೂಲಂಗಿ ವ್ಯಾನಿಗೆ ನಾನು ಕೊಟ್ಟಿದ್ದು 100 ಯುವಾನ್, ಬಸ್ಸಿನ ಎರಡು ಪಟ್ಟು. ಇಳಿಯುವಾಗ ಅವರು ಎರಡು ಮೂಲಂಗಿ ಕೈಗಿಟ್ಟು ಕಳಿಸಿದರು.